ಒಂದು ಪ್ರೊಜೆಕ್ಟರ್, ನಲವತ್ತು ಮಕ್ಕಳು: ತರಗತಿಗೆ ತಂತ್ರಜ್ಞಾನ ತರುವ ಬಗೆ

ನಾನು ಹಿಂದೆ ಇದ್ದ ಶಾಲೆಯಲ್ಲಿ ಪ್ರೊಜೆಕ್ಟರ್ ಇತ್ತು. ಮುಖ್ಯ ಶಿಕ್ಷಕರ ಕೊಠಡಿಯ ಬೀರುವಿನಲ್ಲಿ, ಹಾಜರಿ ಪುಸ್ತಕಗಳ ಪಕ್ಕದಲ್ಲಿ, ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದೆ ಇಟ್ಟಿದ್ದರು. ದಾಸ್ತಾನು ಪುಸ್ತಕದಲ್ಲಿ ಅದರ ಹೆಸರಿನ ಮುಂದೆ ಪ್ರತಿ ವರ್ಷ ತಪ್ಪದೆ ಸಹಿ ಬೀಳುತ್ತಿತ್ತು. ಕೆಟ್ಟರೆ ಯಾರು ಹೊಣೆ ಎಂಬ ಭಯವೇ ಅದನ್ನು ಮೂರು ವರ್ಷ ಕಾಪಾಡಿತ್ತು. ಈ ಬರಹ ಅಂಥ ಬೀರು ಇರುವ ಶಾಲೆಯ ಶಿಕ್ಷಕರಿಗೆ. ಪ್ರತಿ ಕೊಠಡಿಯಲ್ಲೂ ಸ್ಮಾರ್ಟ್ ಬೋರ್ಡ್ ಇರುವವರಿಗೂ ಕೆಲವು ಮಾತು ಉಪಯೋಗವಾಗಬಹುದು, ಆದರೆ ನನ್ನ ಮನಸ್ಸಿನಲ್ಲಿರುವುದು ಒಂದು ಪ್ರೊಜೆಕ್ಟರ್, ಹತ್ತು ಕಂಪ್ಯೂಟರ್‌ಗಳಲ್ಲಿ ಆರು ಮಾತ್ರ ಏಳುವ ಕೊಠಡಿ, ಮಧ್ಯಾಹ್ನ ಹೋಗಿ ಬರುವ ಕರೆಂಟು.

ಮೊದಲ ಹೆಜ್ಜೆ: ಬೀರು ತೆರೆಯಿರಿ

ಶನಿವಾರ ಮಕ್ಕಳು ಹೋದ ಮೇಲೆ ಒಂದು ಗಂಟೆ ಇದಕ್ಕೆ ಇಡಿ. ಏನೇನಿದೆ ಎಂದು ಪಟ್ಟಿ ಮಾಡುವುದಷ್ಟೇ ಸಾಲದು, ಪ್ರತಿಯೊಂದನ್ನೂ ಚಾಲೂ ಮಾಡಿ ನೋಡಬೇಕು. ಸಾಮಾನ್ಯವಾಗಿ ಕೈಕೊಡುವುದು ದೊಡ್ಡ ಯಂತ್ರವಲ್ಲ, ಅದರ ಬಾಲ. ಹಳೆಯ ಪ್ರೊಜೆಕ್ಟರ್‌ಗೆ ನೀಲಿ ತಲೆಯ ಅಗಲವಾದ ವಿಜಿಎ ಕೇಬಲ್ ಬೇಕು, ಹೊಸ ಲ್ಯಾಪ್‌ಟಾಪ್‌ನಲ್ಲಿ ಎಚ್‌ಡಿಎಂಐ ಕಿಂಡಿ ಮಾತ್ರ ಇರುತ್ತದೆ. ನಡುವೆ ಒಂದು ಸಣ್ಣ ಪರಿವರ್ತಕ ಇಲ್ಲದಿದ್ದರೆ ಎರಡೂ ಇದ್ದೂ ಇಲ್ಲದಂತೆ. ಎಕ್ಸ್‌ಟೆನ್ಷನ್ ಬೋರ್ಡ್ ಪ್ಲಗ್ ಪಾಯಿಂಟ್‌ನಿಂದ ಮೇಜಿನವರೆಗೆ ನಿಲುಕುತ್ತದೆಯೇ ಎಂದು ಅಳೆದು ನೋಡಿ. ವೈರು ನೆಲದ ಮೇಲೆ ಹಾದು ಹೋಗುವ ಕಡೆ ಅಂಟುಪಟ್ಟಿ ಹಾಕಿ. ನಲವತ್ತು ಮಕ್ಕಳು ಓಡಾಡುವ ಕೊಠಡಿಯಲ್ಲಿ ಒಬ್ಬ ಎಡವಿದರೆ ಪ್ರೊಜೆಕ್ಟರ್ ಬೀಳುವುದಕ್ಕಿಂತ ಹುಡುಗ ಬೀಳುವುದು ಚಿಂತೆಯ ವಿಷಯ.

ಇನ್ನೆರಡು ಸಂಗತಿ ಎಲ್ಲರೂ ಮರೆಯುತ್ತಾರೆ: ಬೆಳಕು ಮತ್ತು ಸದ್ದು. ನಮ್ಮ ಶಾಲೆಗಳ ಕಿಟಕಿಗಳು ದೊಡ್ಡವು, ಹನ್ನೊಂದು ಗಂಟೆಯ ಬಿಸಿಲಿಗೆ ಗೋಡೆಯ ಮೇಲಿನ ಚಿತ್ರ ಮಾಸಲಾಗುತ್ತದೆ. ಪರದೆಯನ್ನು ಕಿಟಕಿಯ ಎದುರು ಗೋಡೆಗೆ ಹಾಕುವ ಬದಲು ಕಿಟಕಿ ಇರುವ ಗೋಡೆಯ ಬದಿಗೇ, ಮೂಲೆಯಲ್ಲಿ ಹಾಕಿದರೆ ಅರ್ಧ ತೊಂದರೆ ತೀರುತ್ತದೆ. ಸದ್ದಿನ ವಿಷಯಕ್ಕೆ ಬಂದರೆ, ಲ್ಯಾಪ್‌ಟಾಪ್‌ನ ದನಿ ಮೂರನೆಯ ಬೆಂಚು ದಾಟುವುದಿಲ್ಲ. ಪುಟ್ಟ ಸ್ಪೀಕರ್ ಒಂದನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಕೇಳಿ ನೋಡಿ. ನಮಗೆ ಹಳೆಯ ವಿದ್ಯಾರ್ಥಿಯೊಬ್ಬರು ಕೊಡಿಸಿದರು.

ಎರಡನೆಯ ಹೆಜ್ಜೆ: ಮಕ್ಕಳು ಎಡವುವ ಜಾಗ ಗುರುತಿಸಿ

ಇಲ್ಲಿ ನಿಧಾನಿಸಬೇಕು. ತಂತ್ರಜ್ಞಾನ ಬಳಸುತ್ತೇವೆ ಎಂದು ಹೊರಟವರಲ್ಲಿ ಹೆಚ್ಚಿನವರು ಮೊದಲು ವಿಡಿಯೊ ಹುಡುಕುತ್ತಾರೆ, ಆಮೇಲೆ ಅದಕ್ಕೆ ಪಾಠ ಹೊಂದಿಸುತ್ತಾರೆ. ನಾನೂ ಹಾಗೆ ಮಾಡಿದವನೇ. ಎಲೆಯ ಭಾಗಗಳನ್ನು ತೋರಿಸುವ ಬಣ್ಣಬಣ್ಣದ ವಿಡಿಯೊ ಒಂದನ್ನು ಹಾಕಿದ್ದೆ, ಕಿಟಕಿಯಾಚೆ ಹೊಂಗೆಮರ ಇತ್ತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಹೋಗಿ ಎಲೆ ಕಿತ್ತು ತಂದು, ಸರ್ ನರಗಳು ಇದರಲ್ಲಿ ಚೆನ್ನಾಗಿ ಕಾಣುತ್ತವೆ ಎಂದಳು.

ಹಾಗಾಗಿ ನಿಮ್ಮ ವಿಷಯದ ಪಠ್ಯಪುಸ್ತಕ ತೆಗೆದುಕೊಂಡು, ಪ್ರತಿ ವರ್ಷ ಮಕ್ಕಳು ತಪ್ಪದೆ ಎಡವುವ ಮೂರು ಜಾಗಗಳಿಗೆ ಪೆನ್ಸಿಲ್ ಗುರುತು ಹಾಕಿ. ಆ ಮೂರರಲ್ಲಿ ಕಪ್ಪುಹಲಗೆಯಿಂದಲೂ, ಕೈಗೆ ಸಿಗುವ ವಸ್ತುವಿನಿಂದಲೂ ತೋರಿಸಲಾಗದ ಒಂದನ್ನು ಆರಿಸಿ. ಚಲಿಸುವುದು, ಕಣ್ಣಿಗೆ ಕಾಣದಷ್ಟು ಚಿಕ್ಕದು, ನೂರು ಸಲ ಬದಲಿಸಿ ನೋಡಬೇಕಾದದ್ದು, ಊರಲ್ಲಿ ಸಿಗದ್ದು, ಇವಕ್ಕೆ ಪರದೆ ಬೇಕು. ಮಿಕ್ಕದ್ದಕ್ಕೆ ಸೀಮೆಸುಣ್ಣವೇ ವೇಗ.

ಒಂದು ಉದಾಹರಣೆ ಕೊಡುತ್ತೇನೆ. ವಿದ್ಯುತ್ ಪಾಠದಲ್ಲಿ ಎರಡು ಬಲ್ಬುಗಳನ್ನು ಸರಣಿಯಲ್ಲಿ, ಅಂದರೆ ಒಂದೇ ದಾರಿಯಲ್ಲಿ ಒಂದರ ಹಿಂದೆ ಒಂದು, ಜೋಡಿಸಿದಾಗ, ಮೊದಲ ಬಲ್ಬು ಸ್ವಲ್ಪ ಕರೆಂಟನ್ನು ತಿಂದು ಉಳಿದದ್ದನ್ನು ಎರಡನೆಯದಕ್ಕೆ ಬಿಡುತ್ತದೆ ಎಂದು ಮಕ್ಕಳು ನಂಬುತ್ತಾರೆ. ಸೂತ್ರ ಬಾಯಿಪಾಠ ಬಂದವರೂ ಹೀಗೇ ನಂಬಿರುತ್ತಾರೆ. ತಂತಿಯೊಳಗೆ ಹರಿಯುವುದನ್ನು ಹಲಗೆಯ ಮೇಲೆ ಬಾಣ ಬರೆದು ತೋರಿಸಿದರೆ ಬಾಣ ಅಲ್ಲೇ ನಿಂತಿರುತ್ತದೆ. ಫೆಟ್ ಎಂಬ ಉಚಿತ ಸಿಮ್ಯುಲೇಷನ್‌ಗಳ (ಪರದೆಯ ಮೇಲೆ ಬದಲಿಸಿ ನೋಡಬಹುದಾದ ಅಣಕು ಪ್ರಯೋಗಗಳ) ಸಂಗ್ರಹ ಇದಕ್ಕೆ ಸರಿಯಾಗಿ ಒದಗುತ್ತದೆ. ಭೌತವಿಜ್ಞಾನದ ನೊಬೆಲ್ ಪಡೆದ ಕಾರ್ಲ್ ವೈಮನ್ 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಯೋಜನೆ ಅದು, ಹಲವು ಸಿಮ್ಯುಲೇಷನ್‌ಗಳು ಕನ್ನಡದಲ್ಲೂ ಇವೆ. ಅದರ ಮಂಡಲ ಜೋಡಿಸುವ ಪೆಟ್ಟಿಗೆಯಲ್ಲಿ ಎಲೆಕ್ಟ್ರಾನ್‌ಗಳು ಮಣಿಗಳಂತೆ ಸಾಗುತ್ತವೆ. ಬಲ್ಬಿಗೆ ಮುಂಚೆಯೂ ನಂತರವೂ ಮಣಿಗಳ ವೇಗ ಒಂದೇ. ಎರಡೂ ಕಡೆ ಕರೆಂಟು ಅಳೆಯುವ ಅಮ್ಮೀಟರ್ ಇಟ್ಟು ನೋಡಿದರೆ ಅಂಕಿಯೂ ಒಂದೇ. ತೋರಿಸುವ ಮುಂಚೆ ಮಕ್ಕಳಿಂದ ಊಹೆ ಬರೆಸಿ. ಯಾವ ಕಡೆ ಹೆಚ್ಚು ಎಂದು ಕೈ ಎತ್ತಿಸಿ, ಸಂಖ್ಯೆಯನ್ನು ಹಲಗೆಯ ಮೂಲೆಯಲ್ಲಿ ಬರೆದಿಡಿ. ಊಹೆ ಬರೆಯದ ಮಗುವಿಗೆ ಅದು ಬರಿಯ ಸಿನಿಮಾ.

ಮರುದಿನ ಟಾರ್ಚಿನ ಬಲ್ಬು, ಸೆಲ್ಲು, ತಂತಿ ಕೊಟ್ಟು ಕೈಯಿಂದ ಮಾಡಿಸಿ. ಪರದೆಯ ತಂತಿ ಎಂದೂ ಸಡಿಲವಾಗುವುದಿಲ್ಲ, ನಿಜವಾದ ತಂತಿ ಆಗುತ್ತದೆ. ಎಲ್ಲಿ ಸಡಿಲವಾಯಿತು ಎಂದು ಹುಡುಕುವುದೂ ವಿಜ್ಞಾನವೇ.

ಮೂರನೆಯ ಹೆಜ್ಜೆ: ಇಂಟರ್ನೆಟ್ಟನ್ನು ಮನೆಯಲ್ಲೇ ಮುಗಿಸಿ

ತರಗತಿಯಲ್ಲಿ ಇಂಟರ್ನೆಟ್ ಬರುತ್ತದೆ ಎಂದು ನಂಬಿ ಪಾಠ ಯೋಜಿಸಬೇಡಿ. ಬೇಕಾದದ್ದೆಲ್ಲ ಹಿಂದಿನ ರಾತ್ರಿ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ಹಾಕಿಕೊಳ್ಳಿ. ಫೆಟ್‌ನ ಹೊಸ ಸಿಮ್ಯುಲೇಷನ್‌ಗಳನ್ನು ಒಂದೊಂದೇ ಕಡತವಾಗಿ ಇಳಿಸಿಕೊಳ್ಳಬಹುದು, ಬ್ರೌಸರ್ ಇದ್ದರೆ ಸಾಕು, ನೆಟ್ ಬೇಡ. ಕಿವಿಕ್ಸ್ ಎಂಬ ಉಚಿತ ತಂತ್ರಾಂಶ ವಿಕಿಪೀಡಿಯವನ್ನೇ ಕಂಪ್ಯೂಟರ್‌ನೊಳಗೆ ಇಟ್ಟುಕೊಳ್ಳಲು ಬಿಡುತ್ತದೆ. ಕನ್ನಡ ವಿಕಿಪೀಡಿಯ ಇಂಗ್ಲಿಷಿನದಕ್ಕಿಂತ ಬಹಳ ಚಿಕ್ಕದಾದ್ದರಿಂದ ಸಾಧಾರಣ ಪೆನ್‌ಡ್ರೈವ್‌ನಲ್ಲೂ ಕೂರುತ್ತದೆ. ಚಿಕ್ಕದಾಗಿರುವುದಕ್ಕೆ ಖುಷಿಪಡುವ ಸಂದರ್ಭ ಇದೊಂದೇ ಇರಬೇಕು.

ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ದೀಕ್ಷಾ ವೇದಿಕೆಯ ಪಾಠಗಳು ತೆರೆಯುತ್ತವೆ. 2017ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಈ ವೇದಿಕೆಯ ಆ್ಯಪ್‌ನಲ್ಲಿ ವಿಷಯವನ್ನು ಇಳಿಸಿಟ್ಟುಕೊಂಡು ನೆಟ್ ಇಲ್ಲದೆಯೂ ತೋರಿಸಬಹುದು. ಆದರೆ ಪೂರ್ತಿ ನೋಡದೆ ಯಾವುದನ್ನೂ ತರಗತಿಗೆ ಒಯ್ಯಬೇಡಿ. ಕೆಲವು ವಿಡಿಯೊಗಳು ಪುಸ್ತಕದ ವಾಕ್ಯಗಳನ್ನೇ ಯಾರೋ ಓದಿದಂತಿರುತ್ತವೆ. ಅದನ್ನು ನೀವೇ ಓದಿದರೆ ಮಕ್ಕಳ ಮುಖವನ್ನಾದರೂ ನೋಡಬಹುದು. ಹತ್ತು ನಿಮಿಷದ ವಿಡಿಯೊದಲ್ಲಿ ಕೆಲಸಕ್ಕೆ ಬರುವುದು ಒಂದೂವರೆ ನಿಮಿಷವಿರಬಹುದು. ಆರಂಭದ, ಮುಗಿಯುವ ನಿಮಿಷ–ಸೆಕೆಂಡುಗಳನ್ನು ಪಾಠ ಯೋಜನೆಯಲ್ಲಿ ಬರೆದುಕೊಳ್ಳಿ. ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಎಂಬ ಸ್ವಯಂಸೇವಾ ಸಂಸ್ಥೆ ಸೇರಿ ಬೆಳೆಸಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ವಿಕಿಯಲ್ಲಿ ನಮ್ಮ ರಾಜ್ಯದ ಶಿಕ್ಷಕರೇ ಬರೆದ ಚಟುವಟಿಕೆಗಳು ಸಿಗುತ್ತವೆ. ಗುಣಮಟ್ಟ ಏರುಪೇರು, ಆದರೂ ನಮ್ಮ ತರಗತಿ ಕಂಡವರು ಬರೆದದ್ದು.

ನಾಲ್ಕನೆಯ ಹೆಜ್ಜೆ: ಒಂದೇ ಪಾಠ, ಹದಿನೈದು ನಿಮಿಷ

ಮೊದಲ ಪ್ರಯೋಗಕ್ಕೆ ನಲವತ್ತು ನಿಮಿಷದ ಅವಧಿಯಲ್ಲಿ ಹದಿನೈದು ನಿಮಿಷ ಮಾತ್ರ ಪರದೆಗೆ ಕೊಡಿ. ನನ್ನ ಒಂದು ಪಾಠವನ್ನು ಹೇಗಾಯಿತೋ ಹಾಗೆಯೇ ಹೇಳುತ್ತೇನೆ.

ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ. ಕೋನಮಾಪಕದಲ್ಲಿ ಅಳೆದರೆ ಒಬ್ಬನಿಗೆ 178, ಇನ್ನೊಬ್ಬನಿಗೆ 183 ಬರುತ್ತದೆ, ಇಬ್ಬರೂ ಪಕ್ಕದವನ ಉತ್ತರ ನೋಡಿ 180 ಎಂದು ತಿದ್ದಿಕೊಳ್ಳುತ್ತಾರೆ. ಇದಕ್ಕೆ ಜಿಯೊಜೀಬ್ರಾ ಬಳಸಿದೆ. ಆಸ್ಟ್ರಿಯದ ಮಾರ್ಕಸ್ ಹೋಹೆನ್‌ವಾರ್ಟರ್ 2001ರಲ್ಲಿ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪ್ರಬಂಧದ ಕೆಲಸವಾಗಿ ಆರಂಭಿಸಿದ ಉಚಿತ ಗಣಿತ ತಂತ್ರಾಂಶ ಇದು. ಬಹುಭುಜದ ಸಾಧನ ಆರಿಸಿ ಮೂರು ಬಿಂದು ಒತ್ತಿ, ಮತ್ತೆ ಮೊದಲ ಬಿಂದುವಿಗೆ ಬಂದರೆ ತ್ರಿಭುಜ ಸಿದ್ಧ. ಕೋನದ ಸಾಧನ ಆರಿಸಿ ತ್ರಿಭುಜದ ಒಳಗೆ ಒತ್ತಿದರೆ ಮೂರೂ ಕೋನ ಒಟ್ಟಿಗೆ ಕಾಣುತ್ತವೆ. ಇಲ್ಲಿ ಒಂದು ಎಚ್ಚರ ಬೇಕು. ಬಿಂದುಗಳನ್ನು ಗಡಿಯಾರದ ಮುಳ್ಳು ಸುತ್ತುವ ದಿಕ್ಕಿಗೆ ವಿರುದ್ಧವಾಗಿ ಇಡಬೇಕು. ಮುಳ್ಳಿನ ದಿಕ್ಕಿನಲ್ಲೇ ಇಟ್ಟರೆ ಒಳಕೋನದ ಬದಲು ಹೊರಗಿನ ದೊಡ್ಡ ಕೋನಗಳು ಬಂದು, ಮಕ್ಕಳ ಮುಂದೆ ನೀವು ತಡಬಡಾಯಿಸುವಂತಾಗುತ್ತದೆ. ನನಗೆ ಆಗಿದೆ.

ಅಂಕಿಗಳು ಚೊಕ್ಕವಾಗಿ ಕಾಣಲಿ ಎಂದು ದಶಮಾಂಶ ಸ್ಥಾನಗಳನ್ನು ಸೊನ್ನೆಗೆ ಇಳಿಸಿದ್ದೆ. ಹುಡುಗನೊಬ್ಬ ಬಂದು ಶೃಂಗವನ್ನು ಹಿಡಿದು ಎಳೆದಾಡಿದ. ತ್ರಿಭುಜ ಉದ್ದವಾಯಿತು, ಚಪ್ಪಟೆಯಾಯಿತು, ಮಕ್ಕಳು ಮೊತ್ತ ಕೂಡುತ್ತಿದ್ದರು: 180, 180, 180. ಒಂದು ಕಡೆ ಕೈ ನಿಂತಿತು. ಪರದೆಯ ಮೇಲೆ 60, 61, 60. ಮೊದಲ ಬೆಂಚಿನಿಂದ ಸಣ್ಣ ದನಿ ಬಂತು: ಸರ್, 181.

ತರಗತಿ ಗೊಳ್ಳೆಂದಿತು. ಕಂಪ್ಯೂಟರ್ ತಪ್ಪು ಎಂದು ಅರ್ಧ ತರಗತಿ, ಪುಸ್ತಕ ತಪ್ಪು ಎಂದು ಒಬ್ಬಿಬ್ಬರು. ನಾನು ಉತ್ತರ ಹೇಳದೆ ದಶಮಾಂಶವನ್ನು ಒಂದು ಸ್ಥಾನಕ್ಕೆ ಏರಿಸಿದೆ. 59.6, 60.7, 59.7. ಕೂಡಿ ನೋಡಿ ಎಂದೆ. ಪೂರ್ಣಾಂಕಕ್ಕೆ ಸರಿಹೊಂದಿಸಿದಾಗ ಮೂರೂ ಸಂಖ್ಯೆ ಮೇಲಕ್ಕೇ ಹೋಗಿ ಒಂದು ಡಿಗ್ರಿ ಹೆಚ್ಚಾಗಿತ್ತು. ಆಗ ಇನ್ನೊಬ್ಬ ಕೇಳಿದ, ಹಾಗಾದರೆ ಒಂದು ಸ್ಥಾನದಲ್ಲೂ ಇದೇ ತಪ್ಪು ಆಗಬಹುದಲ್ಲ? ಆಗಬಹುದು. ಎಷ್ಟು ಸ್ಥಾನ ಏರಿಸಿದರೂ ಅನುಮಾನ ಪೂರ್ತಿ ಹೋಗುವುದಿಲ್ಲ. ಅಲ್ಲಿಗೆ ಪ್ರೊಜೆಕ್ಟರ್ ಆರಿಸಿ, ಹಲಗೆಯ ಮೇಲೆ ತ್ರಿಭುಜ ಬರೆದು, ಶೃಂಗದ ಮೂಲಕ ಪಾದಕ್ಕೆ ಸಮಾಂತರ ರೇಖೆ ಎಳೆದೆ. ಅಳೆದು ನೋಡಿದರೆ ಸಾಲದು, ತರ್ಕದಿಂದ ಸಾಧಿಸಿ ತೋರಿಸುವುದು ಯಾಕೆ ಬೇಕು ಎಂಬುದನ್ನು ನನ್ನ ಸೇವಾವಧಿಯಲ್ಲಿ ಅಷ್ಟು ಸುಲಭವಾಗಿ ಯಾವತ್ತೂ ಹೇಳಿರಲಿಲ್ಲ. ಈಗ ನಾನು ಆ 181 ಅನ್ನು ಬೇಕೆಂದೇ ಬರಿಸುತ್ತೇನೆ.

ಐದನೆಯ ಹೆಜ್ಜೆ: ಕಂಪ್ಯೂಟರ್ ಕೊಠಡಿಯಲ್ಲಿ ಕೂರಿಸುವ ಕ್ರಮ

ಆರು ಯಂತ್ರ, ನಲವತ್ತು ಮಕ್ಕಳು. ಎಲ್ಲರನ್ನೂ ಒಟ್ಟಿಗೆ ಒಳಗೆ ಬಿಟ್ಟರೆ ಪ್ರತಿ ಯಂತ್ರದ ಮುಂದೆ ಏಳು ತಲೆ. ಅರ್ಧ ತರಗತಿಗೆ ಹೊರಗೆ ಬರವಣಿಗೆಯ ಕೆಲಸ ಕೊಟ್ಟು ಇಪ್ಪತ್ತು ಮಕ್ಕಳನ್ನು ಮಾತ್ರ ಒಳಗೆ ಕರೆಯಿರಿ, ಒಂದು ಯಂತ್ರಕ್ಕೆ ಮೂವರು, ಹೆಚ್ಚೆಂದರೆ ನಾಲ್ವರು. ಆಗಲೂ ಮೌಸ್ ಹಿಡಿದವನೇ ಕಲಿಯುತ್ತಾನೆ, ಮಿಕ್ಕವರು ನೋಡುತ್ತಾರೆ. ಹಿಡಿಯುವವನು ಸಾಮಾನ್ಯವಾಗಿ ಮನೆಯಲ್ಲಿ ಕಂಪ್ಯೂಟರ್ ಇರುವ ಹುಡುಗ. ಹುಡುಗಿಯರು ಹಿಂದೆ ನಿಂತು ಟಿಪ್ಪಣಿ ಬರೆದುಕೊಳ್ಳುತ್ತಿರುತ್ತಾರೆ.

ಇದಕ್ಕೆ ನಾವು ಮಾಡಿಕೊಂಡ ನಿಯಮ ಸರಳ: ಮೌಸ್ ಹಿಡಿದವರು ತಾವಾಗಿ ಏನೂ ಮಾಡುವಂತಿಲ್ಲ, ಪಕ್ಕದವರು ಹೇಳಿದ್ದನ್ನಷ್ಟೇ ಮಾಡಬೇಕು. ಮೂರನೆಯವರು ಬರೆಯಬೇಕು. ಐದು ನಿಮಿಷಕ್ಕೊಮ್ಮೆ ಗಂಟೆ ಬಾರಿಸಿದಾಗ ಜಾಗ ಬದಲು. ಬಾಯಿಬಿಟ್ಟು ಹೇಳಲೇಬೇಕಾದಾಗ, ಏನು ಮಾಡಬೇಕೆಂದು ತಿಳಿಯದವರು ಅದನ್ನು ಒಪ್ಪಿಕೊಳ್ಳಲೇಬೇಕಾಗುತ್ತದೆ. ಮೊದಲ ವಾರ ಜಗಳ ಇರುತ್ತದೆ.

ಆರನೆಯ ಹೆಜ್ಜೆ: ಮಕ್ಕಳೇ ಮಾಡಲಿ, ಕನ್ನಡದಲ್ಲಿ

ತೋರಿಸುವುದು ಒಂದು ಹಂತ. ಮಕ್ಕಳು ತಾವೇ ಏನಾದರೂ ತಯಾರಿಸಿದಾಗ ಯಂತ್ರ ನಿಜವಾಗಿ ಅವರದಾಗುತ್ತದೆ. ಸಣ್ಣ ತರಗತಿಗಳಿಗೆ ನಿಮ್ಮ ಮೊಬೈಲ್‌ನ ಧ್ವನಿ ಮುದ್ರಣವೇ ಸಾಕು. ಮೂರನೆಯ ತರಗತಿಯ ಮಗು ಒಂದು ಪುಟ ಓದಲಿ, ಮುದ್ರಿಸಿಕೊಳ್ಳಿ, ಅದಕ್ಕೇ ಕೇಳಿಸಿ. ಎಲ್ಲಿ ತಡವರಿಸಿದೆ ಎಂದು ಅದೇ ಬೆರಳಿಟ್ಟು ತೋರಿಸುತ್ತದೆ. ತಿಂಗಳ ನಂತರ ಅದೇ ಪುಟ ಮತ್ತೆ ಓದಿಸಿ, ಎರಡನ್ನೂ ಒಂದರ ಹಿಂದೆ ಒಂದು ಕೇಳಿಸಿ. ಆ ಮುಖ ನೋಡಲು ಬೇರೆ ಅಂಕಪಟ್ಟಿ ಬೇಡ.

ದೊಡ್ಡ ತರಗತಿಗಳಿಗೆ ಅಜ್ಜಿಯರಿಂದ ಒಗಟು, ಗಾದೆ, ಬೀಜ ಕಾಪಿಡುವ ವಿಧಾನ ಸಂಗ್ರಹಿಸಿ ಟೈಪ್ ಮಾಡಿಸಿ. ಇಲ್ಲಿ ಕನ್ನಡ ಟೈಪಿಂಗ್ ಪ್ರಶ್ನೆ ಬರುತ್ತದೆ. ಕಂಪ್ಯೂಟರ್‌ಗೆ ಕನ್ನಡ ಕೀಲಿಮಣೆ ರೂಪಿಸಿದ ಕೆ.ಪಿ. ರಾವ್ ಅವರ ವಿನ್ಯಾಸದ ಮೇಲೆ ನಿಂತಿರುವ, ನುಡಿ ಎಂಬ ಉಚಿತ ತಂತ್ರಾಂಶದ ಕೀಲಿಮಣೆ ಕಲಿಯಲು ಮಕ್ಕಳಿಗೆ ಒಂದು ವಾರ ಸಾಕು. ಮೊದಲ ದಿನ ಒಂದೇ ಪದ ಕಲಿಸಿ. ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಿದರೆ ಕನ್ನಡ. ನಡುವಿನ ಎಫ್ ಒತ್ತಕ್ಷರ ಕೂಡಿಸುವ ಕೀಲಿ. ಸ್ವರಚಿಹ್ನೆ, ಒತ್ತು, ಸಂಯುಕ್ತಾಕ್ಷರ ಹೇಗೆ ಕೂಡುತ್ತವೆ ಎಂಬ ವ್ಯಾಕರಣ ಪಾಠ ಬೆರಳ ತುದಿಯಲ್ಲಿ ಆಗಿಬಿಡುತ್ತದೆ.

ಒಂದೇ ಷರತ್ತು, ಎಲ್ಲ ಯಂತ್ರಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲಿ ಟೈಪ್ ಮಾಡಿಸಿ. ಹಳೆಯ ನುಡಿ ಅಕ್ಷರಶೈಲಿಯಲ್ಲಿ ಮಾಡಿದ ಕಡತ ಆ ಶೈಲಿ ಇಲ್ಲದ ಮೊಬೈಲ್‌ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳಿಗೆ ಕೊಂಬು, ಬಾಲ ಹಚ್ಚಿದಂತೆ ಕಾಣುತ್ತದೆ. ಪ್ರಶ್ನೆಪತ್ರಿಕೆ ಹೀಗೆ ಬಂದು, ಪರೀಕ್ಷೆಯ ಮುಂಜಾನೆ ಒದ್ದಾಡಿದ ಶಿಕ್ಷಕರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಹಳೆಯದನ್ನು ಪರಿವರ್ತಿಸುವ ಉಚಿತ ಪರಿವರ್ತಕಗಳಿವೆ, ಆದರೆ ಪರಿವರ್ತಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಕಣ್ಣಿಟ್ಟು ನೋಡಿ.

ಅಂಗಳ ಮತ್ತು ಕಂಪ್ಯೂಟರ್ ಎರಡನ್ನೂ ಕೂಡಿಸುವ ಚಟುವಟಿಕೆಯೊಂದು ನನಗೆ ಬಹಳ ಇಷ್ಟ. ಬೆಂಗಳೂರಿನ ಅಕ್ಷಾಂಶದಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ಸೂರ್ಯ ನಡು ಹಗಲು ನೆತ್ತಿಯ ಮೇಲೆ ಬಂದು ನೆಟ್ಟ ಕೋಲಿನ ನೆರಳು ಮಾಯವಾಗುತ್ತದೆ. ಏಪ್ರಿಲ್‌ನಲ್ಲಿ ರಜೆ, ಆಗಸ್ಟ್ ನಮ್ಮದು. ಉತ್ತರಕ್ಕೆ ಹೋದಷ್ಟೂ ಆಗಸ್ಟ್‌ನ ಈ ದಿನ ಮೊದಲೇ ಬರುತ್ತದೆ, ಹಾಗಾಗಿ ನಿಮ್ಮ ಊರಿನ ದಿನವನ್ನು ಸ್ಟೆಲೇರಿಯಂ ಎಂಬ ಉಚಿತ ಆಕಾಶ ತಂತ್ರಾಂಶದಲ್ಲಿ ಮಕ್ಕಳೇ ಹುಡುಕಲಿ. ಅಂದು ಹನ್ನೊಂದೂವರೆಯಿಂದ ಒಂದೂವರೆಯವರೆಗೆ ಹತ್ತು ನಿಮಿಷಕ್ಕೊಮ್ಮೆ ನೆರಳಿನ ಉದ್ದ ಅಳೆದು, ಲಿಬ್ರೆ ಆಫೀಸ್ ಎಂಬ ಉಚಿತ ತಂತ್ರಾಂಶದ ಕ್ಯಾಲ್ಕ್ ಎಂಬ ಲೆಕ್ಕದ ಹಾಳೆಯಲ್ಲಿ ತುಂಬಿ, ನಕ್ಷೆ ಎಳೆಯಿರಿ. ಆಗಸ್ಟ್‌ನ ಆ ದಿನ ಬೆಂಗಳೂರಿನಲ್ಲಿ ನೆರಳು ಮಾಯವಾಗುವುದು ಹನ್ನೆರಡಕ್ಕಲ್ಲ, ಸುಮಾರು 12 ಗಂಟೆ 24 ನಿಮಿಷಕ್ಕೆ. ಯಾಕೆ ಎಂಬ ಪ್ರಶ್ನೆ ಅಲ್ಲೇ ಏಳುತ್ತದೆ. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಬೆಂಗಳೂರು 77.6 ಡಿಗ್ರಿಯಲ್ಲಿದೆ, ಒಂದು ಡಿಗ್ರಿಗೆ ನಾಲ್ಕು ನಿಮಿಷ. ಲೆಕ್ಕ ಹಾಕಿದರೆ ಸುಮಾರು ಇಪ್ಪತ್ತು ನಿಮಿಷ ಸಿಗುತ್ತದೆ. ಉಳಿದ ನಾಲ್ಕು, ಭೂಮಿ ಸೂರ್ಯನನ್ನು ಒಂದೇ ವೇಗದಲ್ಲಿ ಸುತ್ತದಿರುವುದರಿಂದಲೂ ಅದರ ಅಕ್ಷ ಓರೆಯಾಗಿರುವುದರಿಂದಲೂ ಬಂದದ್ದು. ಮಳೆಗಾಲದ ಮೋಡ ಅಡ್ಡ ಬಂದರೆ ಹಿಂದಿನ ಮುಂದಿನ ದಿನಗಳನ್ನೂ ಕೈಯಲ್ಲಿಟ್ಟುಕೊಳ್ಳಿ. ನೆರಳು ಪೂರ್ತಿ ಸೊನ್ನೆಯಾಗದಿದ್ದರೂ ನಕ್ಷೆಯ ತಗ್ಗು ಸಿಕ್ಕೇ ಸಿಗುತ್ತದೆ.

ಏಳನೆಯ ಹೆಜ್ಜೆ: ಕರೆಂಟು ಹೋದಾಗ, ಮೊಬೈಲ್ ಮನೆಗೆ ಹೋದಾಗ

ಕರೆಂಟು ಹೋಗುತ್ತದೆ. ಪರದೆಯಲ್ಲಿ ತೋರಿಸಬೇಕಾದದ್ದರ ಒಂದು ಚಿತ್ರವನ್ನು ಹಾಳೆಯಲ್ಲಿ ಮುದ್ರಿಸಿಟ್ಟುಕೊಳ್ಳಿ ಅಥವಾ ಹಲಗೆಯ ಮೇಲೆ ಮೊದಲೇ ಬರೆದಿಡಿ. ಐದು ನಿಮಿಷ ಕಾಯ್ದು ಬರದಿದ್ದರೆ ಹಲಗೆಯಲ್ಲೇ ಮುಂದುವರಿಸಿ. ಇಪ್ಪತ್ತು ನಿಮಿಷ ಕಾಯುತ್ತಾ ಕುಳಿತರೆ ಮಕ್ಕಳಿಗೆ ಗೊತ್ತಾಗುವುದು ಒಂದೇ, ಇವರಿಗೆ ಯಂತ್ರವಿಲ್ಲದೆ ಪಾಠ ಬಾರದು ಎಂದು.

ವಾಟ್ಸ್ಆ್ಯಪ್ ಗುಂಪಿನಲ್ಲಿ ಮನೆಗೆಲಸ ಹಾಕುವ ಮುಂಚೆ ತರಗತಿಯಲ್ಲಿ ಒಮ್ಮೆ ಕೇಳಿ: ಸಂಜೆ ಆರರಿಂದ ಎಂಟರ ನಡುವೆ ಯಾರ ಕೈಗೆ ಮೊಬೈಲ್ ಸಿಗುತ್ತದೆ? ಮನೆಯಲ್ಲಿ ಮೊಬೈಲ್ ಇದೆಯೇ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ, ಆದರೆ ಅದು ಅಪ್ಪನ ಜೇಬಿನಲ್ಲಿ ಕೆಲಸಕ್ಕೆ ಹೋಗಿರುತ್ತದೆ. ಸಿಗದವರು ಒಬ್ಬರಿದ್ದರೂ ಆ ಕೆಲಸಕ್ಕೆ ಅಂಕ ಇಡಬೇಡಿ. ಮಕ್ಕಳ ಮುಖ, ಹೆಸರು, ಅಂಕ ಒಟ್ಟಿಗೆ ಇರುವ ಚಿತ್ರಗಳನ್ನು ಗುಂಪುಗಳಿಗೆ, ಫೇಸ್‌ಬುಕ್ಕಿಗೆ ಹಾಕುವ ಚಪಲ ನಮ್ಮಲ್ಲಿ ಬಹಳ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನೆಲ್ಲ ಮಕ್ಕಳೆಂದೇ ಎಣಿಸಿ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಕಾಯ್ದೆ ಬಿಡಿ, ಕಡಿಮೆ ಅಂಕ ಬಂದ ಮಗುವಿನ ಜಾಗದಲ್ಲಿ ನಿಂತು ನೋಡಿದರೂ ಸಾಕು.

ಈಗ ಎಐ ಚಾಟ್‌ಬಾಟ್‌ಗಳೂ ಬಂದಿವೆ. ಶಿಕ್ಷಕರಿಗೆ ಅಭ್ಯಾಸದ ಪ್ರಶ್ನೆ ತಯಾರಿಸಲು ಚೆನ್ನಾಗಿವೆ, ಆದರೆ ಉತ್ತರಗಳನ್ನು ಒಂದೊಂದಾಗಿ ತಾಳೆ ನೋಡಬೇಕು. ಕನ್ನಡದ ಕವಿ, ಊರು, ಇಸವಿಗಳ ವಿಷಯದಲ್ಲಿ ಅವು ಧೈರ್ಯವಾಗಿ ಸುಳ್ಳು ಹೇಳಬಲ್ಲವು. ಹಿರಿಯ ತರಗತಿಗಳಲ್ಲಿ ಅದನ್ನೇ ಚಟುವಟಿಕೆ ಮಾಡಿ. ನಿಮ್ಮ ಊರಿನ ದೇವಸ್ಥಾನ ಅಥವಾ ಕೆರೆಯ ಬಗ್ಗೆ ಅದು ಬರೆದದ್ದನ್ನು ಮುದ್ರಿಸಿ ಕೊಟ್ಟು, ಕೆಂಪು ಪೆನ್ನು ಮಕ್ಕಳ ಕೈಗೆ ಕೊಡಿ.

ಎಂಟನೆಯ ಹೆಜ್ಜೆ: ಕಲಿತರೇ ಎಂದು ನೋಡುವುದು

ಮಕ್ಕಳು ಪರದೆಯತ್ತ ಕಣ್ಣು ಬಿಟ್ಟು ನೋಡಿದರು ಎಂಬುದನ್ನೇ ಯಶಸ್ಸು ಎಂದು ವರದಿ ಬರೆಯಬೇಡಿ. ಅವರು ಜಾತ್ರೆಯನ್ನೂ ಹಾಗೇ ನೋಡುತ್ತಾರೆ. ಪಾಠದ ಕೊನೆಯ ಐದು ನಿಮಿಷದಲ್ಲಿ ಅರ್ಧ ಹಾಳೆ ಕೊಟ್ಟು ಒಂದೇ ಪ್ರಶ್ನೆಗೆ ಉತ್ತರ ಬರೆಸಿ, ಪರದೆಯಲ್ಲಿ ಕಂಡ ಉದಾಹರಣೆಯನ್ನು ಬಿಟ್ಟು ಬೇರೆಯದರ ಮೇಲೆ. ವಿದ್ಯುತ್ ಪಾಠಕ್ಕೆ ನಾನು ಕೊಡುವುದು: ಮೂರು ಬಲ್ಬು ಸರಣಿಯಲ್ಲಿವೆ, ನಡುವಿನದು ಸುಟ್ಟುಹೋಯಿತು, ಮೊದಲನೆಯದು ಉರಿಯುತ್ತದೆಯೇ? ಕಾರಣ ಬರೆಯಿರಿ. ಹಾಳೆಗಳನ್ನು ಮೂರು ಕಟ್ಟು ಮಾಡಿ: ತಿಳಿದವರು, ಅರ್ಧ ತಿಳಿದವರು, ಇನ್ನೂ ಕರೆಂಟನ್ನು ಬಲ್ಬು ತಿನ್ನುತ್ತದೆ ಎನ್ನುವವರು. ಎರಡು ವಾರ ಬಿಟ್ಟು ಅದೇ ಪ್ರಶ್ನೆಯನ್ನು ಮತ್ತೆ ಕೇಳಿ. ಮೂರನೆಯ ಕಟ್ಟು ಸಣ್ಣದಾಗದಿದ್ದರೆ ಮುಂದಿನ ವರ್ಷ ಆ ಪಾಠಕ್ಕೆ ಪ್ರೊಜೆಕ್ಟರ್ ತೆಗೆಯುವ ಶ್ರಮ ಬೇಡ, ಬೇರೆ ದಾರಿ ಹುಡುಕಿ. ಸಣ್ಣದಾದರೆ, ಯಾವ ಕಡತ, ಎಷ್ಟು ನಿಮಿಷ, ಮಕ್ಕಳು ಎಲ್ಲಿ ನಕ್ಕರು, ಎಲ್ಲಿ ಸಿಕ್ಕಿಕೊಂಡರು ಎಂದು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ವರ್ಗವಾಗಿ ಹೋಗುವಾಗ ಆ ನೋಟ್‌ಬುಕ್ಕನ್ನು ಪ್ರೊಜೆಕ್ಟರ್ ಜೊತೆಗೇ ಬೀರುವಿನಲ್ಲಿಟ್ಟು, ಕೀಲಿಯನ್ನು ನಿಮ್ಮ ನಂತರ ಬಂದವರ ಕೈಗೆ ಕೊಡಿ.